ಬೇರೆಯವರ ಕಾಲಿನ ಹರಕೆ

ನನ್ನ ಅತ್ತಿಗೆ ಎಪ್ಲಿನಳಿಗೆ ದೇವರ ಮೇಲಿದ್ದ ನಂಬಿಕೆಯ ಬಗ್ಗೆ ಯಾರೂ ಸಂಶಯಪಡುವ ಹಾಗಿರಲಿಲ್ಲ. ನನ್ನ ತಕರಾರು ಇದ್ದದ್ದು ಅವಳು ಹರಕೆ ಹೇಳಿಕೊಳ್ಳುವ ಕ್ರಮದ ಮೇಲೆ. ಹೇಳಿಕೊಳ್ಳುವವಳು ಅವಳು, ತೀರಿಸಬೇಕಾದವರು ನಾವು.

ಒಂದು ವರ್ಷ ನಮ್ಮ ದನ ಮೇವು ಬಿಟ್ಟು ಮಲಗಿತು. ಎಪ್ಲಿನ್ ಸಂತ ಅಂತೋನಿಯವರ ಪಟದ ಮುಂದೆ ನಿಂತು, ದನ ಎದ್ದರೆ ಮಗ್ದು ನಲುವತ್ತು ದಿನ ಮೀನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಳು. ಮಗ್ದು ಎಂದರೆ ನಾನು, ಮಗ್ದಾಲಿನ್ ಮೊರಾಸ್, ನಾರಾವಿಯ ಶಾಲೆಯಲ್ಲಿ ಮೂರನೇ ಕ್ಲಾಸಿನ ಟೀಚರು. ದನ ಮರುದಿನವೇ ಎದ್ದು ಒಂದು ಹೊರೆ ಹುಲ್ಲು ತಿಂದಿತು. ನಾನು ನಲುವತ್ತು ದಿನ ಸೌತೆಕಾಯಿ ಹುಳಿ ತಿಂದೆ. ಆ ದನ ಸತ್ತು ಎಷ್ಟೋ ಕಾಲವಾಯಿತು, ನಾನು ಅದನ್ನು ಇನ್ನೂ ಕ್ಷಮಿಸಿಲ್ಲ. ಅವಳ ಮಗನಿಗೆ ದಡಾರ ಬಂದಾಗ ನನ್ನ ಅಣ್ಣ ಕ್ರಿಸ್ಮಸ್ ತನಕ ನಶ್ಯ ಬಿಡಬೇಕಾಯಿತು. ನಾನು ಒಮ್ಮೆ ಕೇಳಿಯೂ ಬಿಟ್ಟೆ:

"ವೊನಿ, ನೀನೇ ಏನಾದರೂ ಬಿಡಬಹುದಲ್ಲ?"

ಅಣ್ಣನ ಹೆಂಡತಿಯನ್ನು ನಮ್ಮ ಕೊಂಕಣಿಯಲ್ಲಿ ವೊನಿ ಎಂದು ಕರೆಯುತ್ತೇವೆ. ಅವಳು ಹಿಟ್ಟು ರುಬ್ಬುತ್ತಿದ್ದವಳು ಕೈ ನಿಲ್ಲಿಸಿ ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದಳು.

"ನಾನು ಎಂತ ಬಿಡ್ಲಿಕ್ಕೆ ಉಂಟು ಮಗ್ದು? ನನಗೆ ಯಾವ ಕೆಟ್ಟ ಅಭ್ಯಾಸವೂ ಇಲ್ಲ."

ನಾನು ನೀರು ತರಲು ಬಾವಿಗೆ ಹೋದೆ.

ನನ್ನ ಅಣ್ಣ ಪಾಸ್ಕು ನಾರಾವಿಯ ಪೋಸ್ಟ್‌ಮ್ಯಾನ್. ತುಳು ಮಾತಾಡುವವರು ಕ್ರೈಸ್ತ ಗಂಡಸರಿಗೆ ಮರ್ಯಾದೆಯಿಂದ ಪೊರ್ಬು ಎನ್ನುತ್ತಾರೆ, ಅವನನ್ನು ಪಾಸ್ಕು ಪೊರ್ಬು ಎಂದು ಕರೆಯುತ್ತಿದ್ದರು. ದಿನಕ್ಕೆ ಹನ್ನೆರಡು ಮೈಲು ನಡೆಯುವ ಮನುಷ್ಯ. ಗುಡ್ಡ ಹತ್ತಿ, ತೋಡು ದಾಟಿ, ಗದ್ದೆಯ ಅಂಚಿನಲ್ಲಿ ಸಾಗುವಾಗ ಅವನ ಜಂಬ ನೋಡಬೇಕಿತ್ತು. ಬಸ್ಸು ಹತ್ತುವವರನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. ಇಂಥ ಮನುಷ್ಯ 1957ರ ಮೇ ತಿಂಗಳಲ್ಲಿ ಹಲಸಿನ ಮರದಿಂದ ಬಿದ್ದ. ಬಿದ್ದದ್ದೂ ಅಂಥ ಎತ್ತರದಿಂದ ಏನಲ್ಲ, ಎರಡನೇ ಕೊಂಬೆಯಿಂದ. ಹಣ್ಣಿಗೆ ಏನೂ ಆಗಲಿಲ್ಲ, ಅಣ್ಣನ ಬಲ ತೊಡೆಯ ಎಲುಬು ಮುರಿಯಿತು.

ಸದ್ದು ಕೇಳಿ ಎಪ್ಲಿನ್ ಸೌಟು ಹಿಡಿದುಕೊಂಡೇ ಅಡುಗೆ ಮನೆಯಿಂದ ಓಡಿ ಬಂದಳು. ಅಣ್ಣ ಪ್ರಜ್ಞೆ ತಪ್ಪಿ ಮಲಗಿದ್ದ. ಅವಳು ಸೌಟನ್ನು ಆಕಾಶಕ್ಕೆ ಎತ್ತಿ ಕೂಗಿದಳು.

"ಸಂತ ಲಾರೆನ್ಸರೇ, ಇವರ ಜೀವ ಒಂದು ಉಳಿಸಿ ಕೊಡಿ! ಬರುವ ಸಾಂತ್‌ಮಾರಿಗೆ ಇವರು ನಡೆದುಕೊಂಡೇ ಅತ್ತೂರಿಗೆ ಬರ್ತಾರೆ. ಬಸ್ಸು ಹತ್ತುವುದಿಲ್ಲ, ಗಾಡಿ ಹತ್ತುವುದಿಲ್ಲ!"

ಅತ್ತೂರು ಇರುವುದು ಕಾರ್ಕಳದ ಆಚೆ, ನಮ್ಮಲ್ಲಿಂದ ಹದಿನೈದು ಮೈಲು. ಅಲ್ಲಿಯ ಇಗರ್ಜಿಯಲ್ಲಿ ಜನವರಿಯಲ್ಲಿ ನಡೆಯುವ ಸಂತ ಲಾರೆನ್ಸರ ಹಬ್ಬಕ್ಕೆ ಸಾಂತ್‌ಮಾರಿ ಎಂದು ಹೆಸರು. ಕ್ರೈಸ್ತರು ಮಾತ್ರವಲ್ಲ, ಊರಿನ ಎಲ್ಲ ಜಾತಿಯವರೂ ಹೋಗುತ್ತಾರೆ. ಅದೆಲ್ಲ ಸರಿ. ಆದರೆ ಮುರಿದ ಕಾಲಿನ ಮೇಲೆಯೇ ಹದಿನೈದು ಮೈಲಿನ ಹರಕೆ ಹೊರಿಸಿದ ಹೆಂಗಸು ನಮ್ಮ ಧರ್ಮಪ್ರಾಂತ್ಯದಲ್ಲಿ ಅವಳೊಬ್ಬಳೇ ಇರಬೇಕು.

ಜೀವ ಉಳಿಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿ ಮೂರು ತಿಂಗಳು ಮಲಗಿಸಿದರು. ಆಗಸ್ಟ್ ಕೊನೆಯಲ್ಲಿ ಮನೆಗೆ ಬಂದಾಗ ಅಣ್ಣನಿಗೆ ತುಂಬ ಹುಮ್ಮಸ್ಸಿತ್ತು. ಸೆಪ್ಟೆಂಬರ್ ಎಂಟರ ತೆನೆ ಹಬ್ಬದ ದಿನ ಹೊಸ ತೆನೆಯ ಮೆರವಣಿಗೆಗೆ ತಾನೂ ಬರುತ್ತೇನೆಂದು ಹಟ ಹಿಡಿದ. ಕೋಲು ಊರಿಕೊಂಡು ಇಗರ್ಜಿಯ ಮೆಟ್ಟಿಲಿನ ತನಕ ಬಂದ. ಹೂವಿನ ಬುಟ್ಟಿ ಹಿಡಿದ ಹುಡುಗಿಯರು, ಅವರ ಹಿಂದೆ ಇಡೀ ಊರು. ಅಷ್ಟೂ ಜನರ ಮುಂದೆ ಕೋಲು ಜಾರಿ ಬಿದ್ದುಬಿಟ್ಟ. ಒಬ್ಬರಾದರೂ ನಕ್ಕಿದ್ದರೆ ಅವನು ಬೈದುಕೊಂಡು ಎದ್ದು ನಿಲ್ಲುತ್ತಿದ್ದನೋ ಏನೋ. ಯಾರೂ ನಗಲಿಲ್ಲ. ಎಲ್ಲರೂ ಅಯ್ಯೋ ಎಂದರು. ಅವನಿಗೆ ಆದ ನಿಜವಾದ ಏಟು ಅದು ಎಂದು ನನಗೆ ಅನ್ನಿಸುತ್ತದೆ.

ಆ ದಿನದಿಂದ ಅಣ್ಣ ಮಂಚದಿಂದ ಜಗಲಿಯ ಬೆಂಚಿಗೆ, ಬೆಂಚಿನಿಂದ ಮಂಚಕ್ಕೆ, ಅದೂ ಗೋಡೆ ಹಿಡಿದುಕೊಂಡು. ಅಂಗಳಕ್ಕೆ ಇಳಿಯಲೇ ಇಲ್ಲ. ಅಕ್ಟೋಬರಿನಲ್ಲಿ ಇಬ್ಬರು ಹಿಡಿದು ಬಸ್ಸಿಗೆ ಹತ್ತಿಸಿ ಮೂಡುಬಿದಿರೆಯ ಡಾಕ್ಟರಿಗೆ ತೋರಿಸಿದೆವು. ಡಾಕ್ಟರು ಕಾಲನ್ನು ಎತ್ತಿ, ಮಡಚಿ, ತಟ್ಟಿ ನೋಡಿದರು.

"ಎಲುಬು ಚೆನ್ನಾಗಿ ಕೂಡಿದೆ. ಒಂದು ಕಾಲು ಸ್ವಲ್ಪ ಗಿಡ್ಡವಾಗಿದೆ, ಅಷ್ಟೆ. ನಡೆದರೆ ನಡೆಯಬಹುದು."

"ನಡೆಯದಿದ್ದರೆ?" ಎಂದು ಎಪ್ಲಿನ್ ಕೇಳಿದಳು.

"ಅದಕ್ಕೆ ನನ್ನ ಹತ್ತಿರ ಮದ್ದು ಇಲ್ಲಮ್ಮ."

ಅಣ್ಣ ಮಂಚದಲ್ಲಿಯೇ ಒಂದು ರಾಜ್ಯ ಕಟ್ಟಿಕೊಂಡ. ಅವನ ಬದಲಿಗೆ ಕಾಗದ ಹಂಚುತ್ತಿದ್ದವನು ಕೂಸಪ್ಪ. ಕೂಸಪ್ಪನಿಗೆ ಅಕ್ಷರದ ಜೊತೆ ಅಂಥ ಗೆಳೆತನ ಇರಲಿಲ್ಲ. ಬೆಳಿಗ್ಗೆ ಚೀಲ ತಂದು ಮಂಚದ ಮೇಲೆ ಸುರಿಯುತ್ತಿದ್ದ, ಅಣ್ಣ ಮಲಗಿದಲ್ಲಿಂದಲೇ ವಿಳಾಸ ಓದಿ ಹೇಳುತ್ತಿದ್ದ. ಯಾರ ಮಗಳ ಮದುವೆ, ಯಾರಿಗೆ ಕೋರ್ಟಿನ ನೋಟೀಸು, ಕೊಲಂಬೊದಿಂದ ಯಾರ ಗಂಡ ಎಷ್ಟು ತಿಂಗಳಿಂದ ಬರೆದಿಲ್ಲ ಎಂಬುದೆಲ್ಲ ಅವನಿಗೆ ಅಲ್ಲಿಯೇ ಗೊತ್ತಾಗುತ್ತಿತ್ತು. ಸಂತ ಲಾರೆನ್ಸರನ್ನು ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಸುಟ್ಟಾಗ ಅವರು, ಈ ಮಗ್ಗುಲು ಬೆಂದಾಯಿತು, ಇನ್ನು ತಿರುಗಿಸಿ ಎಂದರಂತೆ. ಅಣ್ಣನೂ ದಿನಕ್ಕೆ ನಾಲ್ಕು ಸಲ, "ಎಪ್ಲಿನ್, ಈ ಮಗ್ಗುಲು ಆಯ್ತು, ತಿರುಗಿಸು ಮಾರಾಯ್ತಿ" ಎನ್ನುತ್ತಿದ್ದ. ಸಂತರಿಗೂ ಅಣ್ಣನಿಗೂ ಇದ್ದ ಹೋಲಿಕೆ ಅದೊಂದೇ.

ಡಿಸೆಂಬರಿನಲ್ಲಿ ಒಂದು ದಿನ ಕೂಸಪ್ಪ ಸುರಿದ ರಾಶಿಯಲ್ಲಿ ಅಣ್ಣನ ಹೆಸರಿಗೇ ಒಂದು ಸರ್ಕಾರಿ ಲಕೋಟೆ ಇತ್ತು. ಅವನು ವಿಳಾಸ ಓದಿದ, ಒಡೆದು ಒಳಗಿನದ್ದನ್ನೂ ಓದಿದ. ಫೆಬ್ರವರಿ ಒಂದರಂದು ಕೆಲಸಕ್ಕೆ ಹಾಜರಾಗಬೇಕು, ಆಗದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ನೇಮಿಸಲಾಗುವುದು. ಕಾಗದವನ್ನು ಮಡಚಿ ದಿಂಬಿನ ಕೆಳಗೆ ಇಟ್ಟು ಗೋಡೆಯ ಕಡೆಗೆ ತಿರುಗಿ ಮಲಗಿದ. ಆ ದಿನ ಯಾರನ್ನೂ ಮಗ್ಗುಲು ತಿರುಗಿಸಲು ಕರೆಯಲಿಲ್ಲ.

ಸಂಜೆ ನಾನು ಕಾಫಿ ಕೊಡಲು ಹೋದೆ.

"ಅಣ್ಣ, ಒಮ್ಮೆ ಅಂಗಳಕ್ಕೆ ಇಳಿಯುವ. ನಾನು ಹಿಡ್ಕೊಳ್ತೇನೆ."

"ಆಗುವುದಿಲ್ಲ ಮಗ್ದು." ಅವನು ಗೋಡೆಯನ್ನೇ ನೋಡಿಕೊಂಡು ಹೇಳಿದ. "ಕಾಲು ಊರಿದ ಕೂಡಲೇ ಕೆಳಗೆ ನೆಲವೇ ಇಲ್ಲದ ಹಾಗೆ ಆಗ್ತದೆ. ನಾನು ಯಾರಿಗೂ ಹೇಳಿಲ್ಲ. ನೀನೂ ಹೇಳ್ಬೇಡ."

ದಿನಕ್ಕೆ ಹನ್ನೆರಡು ಮೈಲು ನಡೆಯುತ್ತಿದ್ದವನ ಮಾತು ಅದು. ಕಾಫಿಯನ್ನು ಮಂಚದ ಪಕ್ಕದಲ್ಲಿ ಇಟ್ಟೆ. ಎದ್ದು ಹಟ್ಟಿಯ ಕಡೆಗೆ ಹೋದೆ. ಅಲ್ಲಿ ಎಪ್ಲಿನ್ ದನದ ಬೆನ್ನಿಗೆ ಹಣೆ ಒರಗಿಸಿ ಅಳುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಸೆರಗಿನಿಂದ ಮುಖ ಒರೆಸಿ, ಸೊಂಟದಲ್ಲಿ ಸಿಕ್ಕಿಸಿದ್ದ ಜಪಸರವನ್ನು ತೆಗೆದು ಮಣಿ ಎಣಿಸತೊಡಗಿದಳು.

"ಏಳು ತಿಂಗಳಿಂದ ಕೇಳ್ತಾ ಇದ್ದೀಯಲ್ಲ ವೊನಿ, ಬೇಸರ ಬರುವುದಿಲ್ಲವಾ?"

"ಬರ್ತದೆ. ಸಂತರಿಗೂ ಬಂದಿರಬಹುದು." ಅವಳು ಮೂಗು ಒರೆಸಿಕೊಂಡಳು. "ಆದರೆ ಕೇಳುವುದು ಬಿಟ್ಟರೆ ಬೆಳಿಗ್ಗೆ ಎದ್ದು ಒಲೆ ಹಚ್ಚಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಇದನ್ನು ಹಿಡ್ಕೊಂಡೇ ನಾನು ಎದ್ದು ನಿಲ್ಲುವುದು."

ನಾನು ಅವಳನ್ನು ತುಂಬ ಸಲ ನಗೆಯಾಡಿದ್ದೇನೆ, ಮುಂದೆಯೂ ನಗೆಯಾಡಲಿದ್ದೇನೆ. ಆ ಸಂಜೆ ಮಾತ್ರ ಅವಳ ಪಕ್ಕದಲ್ಲಿ ಸೆಗಣಿಯ ಮೇಲೆಯೇ ನಿಂತು ಜೊತೆಗೆ ಹತ್ತು ನಮೋ ಮರಿಯಾ ಪ್ರಾರ್ಥನೆ ಹೇಳಿದೆ.

ಜನವರಿ ಹತ್ತಿರ ಬಂತು. ಹರಕೆಯ ಗಡುವೂ ಬಂತು. ಎಪ್ಲಿನ್ ನನ್ನನ್ನು ಕರೆದುಕೊಂಡು ಪಾದ್ರಿಗಳ ಹತ್ತಿರ ಹೋದಳು. ನಮ್ಮ ಪಾದ್ರಿಗಳು ವಯಸ್ಸಾದವರು, ತುಂಬ ತಾಳ್ಮೆಯವರು. ಅವಳ ಕಥೆಯನ್ನು ಸೌಟಿನಿಂದ ಹಿಡಿದು ಕೊನೆಯ ತನಕ ಕೇಳಿದರು.

"ಎಪ್ಲಿನ್, ನೀನು ಹರಕೆ ಹೇಳಿಕೊಂಡದ್ದು ಯಾರ ಕಾಲಿನ ಮೇಲೆ?"

"ಅವರ ಕಾಲಿನ ಮೇಲೆ ಫಾದರ್."

"ಅವನನ್ನು ಕೇಳಿದ್ದೀಯಾ?"

"ಅವರಿಗೆ ಆಗ ಬೋಧ ಇರಲಿಲ್ಲ."

ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ನಗು ಅಡಗಿಸುವಾಗ ಅವರು ಹಾಗೆ ಮಾಡುತ್ತಿದ್ದರು.

"ನೋಡು, ಹರಕೆ ಅಂದರೆ ನಮ್ಮದನ್ನು ನಾವು ಕೊಡುವುದು. ಪಾಸ್ಕುವಿನ ಕಾಲು ಪಾಸ್ಕುವಿನದ್ದು. ಅದರ ಮೇಲೆ ನೀನು ಹೇಳಿಕೊಂಡದ್ದು ಅವನನ್ನು ಕಟ್ಟುವುದಿಲ್ಲ. ನಿನ್ನ ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಮೂರು ಜಪಸರ ಹೇಳು. ನಾನು ಒಪ್ಪಿಗೆ ಕೊಡ್ತೇನೆ. ಮುಗಿಯಿತು."

ನನಗೆ ಮೀನಿಲ್ಲದ ಆ ನಲುವತ್ತು ದಿನಗಳು ನೆನಪಾದವು. ಪಾದ್ರಿಗಳನ್ನು ಮೊದಲೇ ಕೇಳಬಹುದಿತ್ತು ಎಂದು ಕೈ ಕೈ ಹಿಸುಕಿಕೊಂಡೆ. ಎಪ್ಲಿನ್ ಮಾತ್ರ ಎದ್ದು ನಿಂತಳು.

"ಹದಿನೈದು ಮೈಲು ಅಂತ ಹೇಳಿ ಮೂರು ಜಪಸರ ಕೊಟ್ಟರೆ ಸಂತರು ಎಂತ ಎಣಿಸ್ತಾರೆ ಫಾದರ್? ಅವರು ಜೀವ ಪೂರ್ತಿ ಕೊಟ್ಟಿದ್ದಾರೆ, ಅರ್ಧ ಕೊಟ್ಟದ್ದಲ್ಲ. ಅವರ ಕಾಲು ಆಗುವುದಿಲ್ಲವಾದರೆ ನನ್ನ ಕಾಲು ಉಂಟಲ್ಲ? ನಾನೇ ನಡೆಯುತ್ತೇನೆ."

ಪಾದ್ರಿಗಳು ಕನ್ನಡಕ ಹಾಕಿಕೊಂಡು ಅವಳ ಕಾಲುಗಳನ್ನು ನೋಡಿದರು. ನಾನೂ ನೋಡಿದೆ. ಎಪ್ಲಿನ್ ಭಾರೀ ಶರೀರದ ಹೆಂಗಸು. ಮೊಣಕಾಲು ಗಂಟು ಬಾತು ಇದ್ದದ್ದೇ. ಮದುವೆಯಾಗಿ ಬಂಟ್ವಾಳದ ಅಗ್ರಾರಿನಿಂದ ಬಂದ ಮೇಲೆ ಹನ್ನೆರಡು ವರ್ಷಗಳಲ್ಲಿ ಅವಳು ನಡೆದ ಅತಿ ದೂರದ ದಾರಿ ಎಂದರೆ ಮನೆಯಿಂದ ಇಗರ್ಜಿಗೆ. ಅಲ್ಲಿಗೆ ಮುಟ್ಟುವಾಗಲೂ ಪೂಜೆಯ ಮೊದಲ ವಾಚನ ಮುಗಿದಿರುತ್ತಿತ್ತು.

ಮನೆಯಲ್ಲಿ ವಿಷಯ ಕೇಳಿ ಅಣ್ಣ ತಿಂಗಳ ಮೇಲೆ ಮೊದಲ ಸಲ ನಕ್ಕ. ಮಂಚ ಅಲ್ಲಾಡುವ ಹಾಗೆ ನಕ್ಕ.

"ನೀನಾ? ಅತ್ತೂರಿಗಾ? ನೀನು ಪೇಟೆ ದಾಟಿದರೆ ನಾನು ತಲೆ ಕೆಳಗೆ ಮಾಡಿ ನಿಲ್ತೇನೆ ಮಾರಾಯ್ತಿ."

"ನೀವು ನಿಲ್ಲುವುದು ಬೇಡ. ಮಲಗಿ" ಎಂದಳು ಎಪ್ಲಿನ್. ಗಟ್ಟಿಯಾಗಿ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ಅಣ್ಣನ ನಗು ಅಲ್ಲಿಗೆ ನಿಂತಿತು.

ಸಾಂತ್‌ಮಾರಿಯ ಕೊನೆಯ ದಿನ ಬೆಳಿಗ್ಗೆ ಬೆಳಕು ಹರಿಯುವಾಗ ನಾವಿಬ್ಬರು ಹೊರಟೆವು. ಸಂಜೆಯೊಳಗೆ ಮುಟ್ಟಿ ಕಡೆಯ ಪೂಜೆ ಕೇಳುವುದೆಂದು ಅವಳ ಲೆಕ್ಕ. ಅವಳ ಮಕ್ಕಳಿಬ್ಬರು ಅಗ್ರಾರಿನ ಅಜ್ಜಿಮನೆಯಲ್ಲಿದ್ದು ಓದುತ್ತಿದ್ದರು, ಆ ಚಿಂತೆ ಇರಲಿಲ್ಲ. ಅಣ್ಣನ ಊಟವನ್ನು ಮಂಚದ ಪಕ್ಕದಲ್ಲಿ ಮುಚ್ಚಿಟ್ಟಿದ್ದೆವು. ನಾನು ಶಾಲೆಗೆ ರಜೆ ಹಾಕಿ, ಅವಲಕ್ಕಿಯ ಗಂಟು ಹಿಡಿದುಕೊಂಡು ಅವಳ ಹಿಂದೆ ನಡೆದೆ. ನಡೆದೆ ಎನ್ನುವುದು ತಪ್ಪು, ನಿಂತೆ ಎನ್ನಬೇಕು. ಎಪ್ಲಿನ್ ಹತ್ತು ನಮೋ ಮರಿಯಾ ಹೇಳುವಷ್ಟು ಹೊತ್ತು ನಡೆಯುವುದು, ಒಂದು ಪರಲೋಕ ಪ್ರಾರ್ಥನೆಗೆ ನಿಂತು ಉಸಿರು ಬಿಡುವುದು. ಬರಬರುತ್ತ ನಡಿಗೆ ಕಡಿಮೆಯಾಗಿ ಪ್ರಾರ್ಥನೆ ಹೆಚ್ಚಾಯಿತು. ಸಾಂತ್‌ಮಾರಿಗೆ ಹೋಗುವ ಬಸ್ಸುಗಳು ಮೇಲೆ ಕೆಳಗೆ ಜನ ತುಂಬಿಕೊಂಡು ನಮ್ಮ ಮೇಲೆ ಧೂಳೆಬ್ಬಿಸಿ ಹೋದವು. ಬಸ್ಸಿನಿಂದ ಯಾರೋ, ಕ್ರೈಸ್ತ ಹೆಂಗಸರನ್ನು ಊರವರು ಕರೆಯುವ ಹಾಗೆ, "ಬಾಯಮ್ಮ, ಬರ್ತೀರಾ?" ಎಂದು ಕರೆದರು. ಅವಳು ತಲೆ ಎತ್ತಿ ನೋಡಲಿಲ್ಲ. ನಾನು ನೋಡಿದೆ, ಆಸೆಯಿಂದಲೇ ನೋಡಿದೆ.

ಒಂದು ಮೈಲಿಗೆ ಎರಡೂವರೆ ಗಂಟೆ ಬೇಕಾಯಿತು. ಮೈಲುಗಲ್ಲಿನ ಎದುರಿಗೆ ಆಯಿಶಮ್ಮನ ಮನೆ. ಅವಳ ಗಂಡ ಅಬ್ದುಲ್ಲ ಕೊಲಂಬೊದಲ್ಲಿ ಅಂಗಡಿ ಕೆಲಸಕ್ಕಿದ್ದ. ಅಂಗಳ ಗುಡಿಸುತ್ತಿದ್ದವಳು ನಮ್ಮನ್ನು ಕಂಡು ಓಡಿ ಬಂದು ಎಪ್ಲಿನಳ ಕೈ ಹಿಡಿದು ಜಗಲಿಗೆ ಹತ್ತಿಸಿದಳು. ಬೆಲ್ಲ, ನೀರು ಕೊಟ್ಟಳು. ಎಣ್ಣೆ ಬಿಸಿ ಮಾಡಿ ತಂದು ಮೊಣಕಾಲಿಗೆ ತಿಕ್ಕಿದಳು. ಗಂಟು ಎರಡೂ ತೆಂಗಿನಕಾಯಿಯಷ್ಟು ಬಾತಿದ್ದವು.

"ಇನ್ನು ಏಳುವ" ಎಂದು ಎಪ್ಲಿನ್ ನೆಲಕ್ಕೆ ಕೈ ಊರಿದಳು. ಏಳಲಾಗಲಿಲ್ಲ. ಇನ್ನೊಮ್ಮೆ ನೋಡಿದಳು. ಮೂರನೆಯ ಸಲ ನಾವಿಬ್ಬರು ಎರಡು ಕಡೆ ಹಿಡಿದು ಎತ್ತಿದೆವು, ಅವಳು ನೋವಿಗೆ ಕೂಗಿ ಹಾಗೆಯೇ ಕುಳಿತುಬಿಟ್ಟಳು. ಆಮೇಲೆ ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ಅಂಥ ಸೋಲನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಮಗ್ದು, ಇಷ್ಟು ವರ್ಷ ಬಾಯಿಯಿಂದ ಹೇಳ್ತಾ ಇದ್ದೆ. ಕಾಲಿಗೆ ಅದು ಇಷ್ಟು ಭಾರ ಅಂತ ಗೊತ್ತಿರಲಿಲ್ಲ. ನಿಮ್ಮೆಲ್ಲರ ಮೇಲೆ ಹೊರಿಸಿದೆನಲ್ಲ ನಾನು."

ಎಷ್ಟೋ ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದು. ಕೇಳುವಾಗ ಸ್ವಲ್ಪವೂ ಸಂತೋಷವಾಗಲಿಲ್ಲ. ಪರವಾಗಿಲ್ಲ ವೊನಿ, ನನಗೆ ಹೇಗೂ ಸೌತೆಕಾಯಿ ಇಷ್ಟ ಎಂದು ಸುಳ್ಳು ಹೇಳಿದೆ.

ಅಷ್ಟರಲ್ಲಿ ಕೂಸಪ್ಪ ಚೀಲ ಹಾಕಿಕೊಂಡು ಆಯಿಶಮ್ಮನಿಗೆ ಕೊಲಂಬೊದ ಕಾಗದ ತಂದ. ನಾನು ಅವನನ್ನು ದಾರಿಯ ಬದಿಗೆ ಕರೆದೆ.

"ಕೂಸಪ್ಪ, ಎಲ್ಲಿಂದಾದರೂ ಒಂದು ಎತ್ತಿನ ಗಾಡಿ ಕಳುಹಿಸು. ಬಾಯಮ್ಮನನ್ನು ಮನೆಗೆ ಕರೆದುಕೊಂಡು ಹೋಗಬೇಕು."

"ಗಾಡಿಯಾ? ಊರಲ್ಲಿ ಇರುವ ಗಾಡಿಯೆಲ್ಲ ಸಾಂತ್‌ಮಾರಿಗೆ ಹೋಗಿ ಆಗಿದೆ ಟೀಚರಮ್ಮ. ನೋಡ್ತೇನೆ" ಎಂದು ತಲೆ ಕೆರೆದುಕೊಂಡು ಬಂದ ದಾರಿಯಲ್ಲೇ ವಾಪಸು ಹೋದ.

ಎಪ್ಲಿನ್ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಜಪಸರ ಹಿಡಿದಳು. ಒಂದು ಸುತ್ತು ಮುಗಿಯಿತು, ಇನ್ನೊಂದು ಸುತ್ತು ಶುರುವಾಯಿತು. ಮೊಣಕಾಲಿಗಾಗಿ ಬೇಡಿಕೊಳ್ಳುತ್ತಿದ್ದಾಳೆ ಎಂದು ನಾನು ಎಣಿಸಿದೆ. ಬಿಸಿಲು ನೆತ್ತಿಗೆ ಬಂತು. ಆಯಿಶಮ್ಮ ಗಂಜಿ ಬಡಿಸಿದಳು. ಗಾಡಿಯ ಸುದ್ದಿ ಇಲ್ಲ. ಗಂಟೆ ಎರಡಾಯಿತು.

ಆಗ ದಾರಿಯ ತಿರುವಿನಲ್ಲಿ ಮೊದಲು ಒಂದು ಕುರ್ಚಿ ಕಾಣಿಸಿತು. ನಮ್ಮ ಮನೆಯ ಕುರ್ಚಿಯೇ. ಅದು ಕೂಸಪ್ಪನ ತಲೆಯ ಮೇಲಿತ್ತು. ಅವನ ಮುಂದೆ ಒಂದು ಕೋಲು, ಕೋಲಿನ ಹಿಂದೆ ಅಣ್ಣ. ಇಪ್ಪತ್ತು ಹೆಜ್ಜೆ ನಡೆಯುವುದು, ಕೂಸಪ್ಪ ಕುರ್ಚಿ ಇಳಿಸುವುದು, ಅಣ್ಣ ಕುಳಿತು ಬೆವರು ಒರೆಸುವುದು, ಮತ್ತೆ ಏಳುವುದು. ದೂರದಿಂದಲೇ ಅವನ ಬೈಗುಳ ಕೇಳುತ್ತಿತ್ತು. ಯಾರನ್ನು ಎಂದು ಕೇಳಬೇಕಾಗಿರಲಿಲ್ಲ. ಅವನು ಜಗಲಿಯ ಹತ್ತಿರ ಬಂದು ನಿಂತ. ಮುಖ ಕೆಂಪಾಗಿ, ಅಂಗಿ ಮೈಗೆ ಅಂಟಿತ್ತು.

ಎಪ್ಲಿನ್ ಕಣ್ಣು ಬಿಟ್ಟಳು.

"ಮನೆ ಬಾಗಿಲು ಹಾಕಿದ್ದೀರಾ?"

"ಬಾಗಿಲು! ನೀನು ದಾರಿಯಲ್ಲಿ ಬಿದ್ದಿದ್ದಿ ಅಂತ ಇವನು ಬಂದು ಹೇಳ್ತಾನೆ, ಸತ್ತಿದ್ದೀಯೋ ಬದುಕಿದ್ದೀಯೋ ಗೊತ್ತಿಲ್ಲ, ನಿನಗೆ ಬಾಗಿಲಿನ ಚಿಂತೆ!"

"ನಾಯಿ ಒಳಗೆ ಬಂದರೆ ಅನ್ನ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅವನ ಮುಖದಿಂದ ಅವಳ ಕಣ್ಣು ನಿಧಾನವಾಗಿ ಕೆಳಗಿಳಿದು ಅವನ ಕಾಲಿನ ಮೇಲೆ ನಿಂತಿತು. ಆಮೇಲೆ ಅವನು ಬಂದ ದಾರಿಯನ್ನು ನೋಡಿದಳು. ಅಣ್ಣನಿಗೆ ಕೂಡ ಆಗಲೇ 'ಇಷ್ಟು ದೂರ ಬಂದೆ' ಎಂಬುದು ತಿಳಿದದ್ದಿರಬೇಕು. ಮೆಲ್ಲಗೆ ಹೆಂಡತಿಯ ಪಕ್ಕದಲ್ಲಿ ಕುಳಿತ.

"ನೆಲ ಉಂಟು" ಎಂದ ನನ್ನ ಕಡೆ ನೋಡಿ. ಅದು ನನಗೆ ಮಾತ್ರ ಅರ್ಥವಾದ ಮಾತು.

ಸ್ವಲ್ಪ ಹೊತ್ತಿನ ಮೇಲೆ ಎಪ್ಲಿನ್ ಹೇಳಿದಳು, "ನನ್ನಿಂದ ಆಗಲಿಲ್ಲ. ಮನೆಗೆ ಹೋಗುವ."

"ಮನೆಗೆ ಯಾಕೆ? ಇನ್ನು ಎಷ್ಟು ಮೈಲು ಉಂಟು?"

"ಹದಿನಾಲ್ಕು."

"ಮತ್ತೆ? ನಾಳೆ ಸ್ವಲ್ಪ ನಡೆಯುವ, ನಾಡಿದ್ದು ಸ್ವಲ್ಪ ನಡೆಯುವ. ಸಂತರು ಎಲ್ಲಿಗೆ ಹೋಗ್ತಾರೆ? ಅವರು ಅಲ್ಲಿಯೇ ಇರ್ತಾರಲ್ಲ ಮಾರಾಯ್ತಿ."

ಆ ದಿನ ಆಯಿಶಮ್ಮನ ಜಗಲಿಯಲ್ಲಿಯೇ ಉಳಿದೆವು. ಅವಳ ಎಣ್ಣೆಯ ಗುಣವೋ, ಅಣ್ಣ ಎದ್ದು ನಿಂತದ್ದರ ಗುಣವೋ, ಬೆಳಿಗ್ಗೆ ಎಪ್ಲಿನಳ ಮೊಣಕಾಲಿನ ಬಾವು ಅರ್ಧ ಇಳಿದಿತ್ತು. ಕೂಸಪ್ಪನಿಗೆ ಕಾಗದ ಹಂಚಲಿತ್ತು, ನಮ್ಮ ಮನೆ, ದನ ನೋಡಿಕೊಳ್ಳಲಿತ್ತು, ಹಾಗಾಗಿ ಕುರ್ಚಿ ನನ್ನ ತಲೆಗೆ ಬಂತು. ಒಮ್ಮೆ ಅಣ್ಣ ಕುಳಿತುಕೊಳ್ಳುವುದು, ಒಮ್ಮೆ ಅತ್ತಿಗೆ. ಒಂದೇ ಕುರ್ಚಿಯಾದ್ದರಿಂದ ಸರದಿಗಾಗಿ ಇಬ್ಬರಿಗೂ ಜಗಳ. ಹೊಸ್ಮಾರಿನಲ್ಲಿ ಅಣ್ಣ ಕೋಲು ನೆಲಕ್ಕೆ ಕುಟ್ಟಿದ, ಬಜಗೋಳಿಯಲ್ಲಿ ಅವಳು ಮಾತು ಬಿಟ್ಟಳು, ಮಿಯಾರಿನ ಜೈನರ ಮನೆಯ ಅಂಗಳದಲ್ಲಿ ಮಜ್ಜಿಗೆ ಕುಡಿದ ಮೇಲೆ ರಾಜಿಯಾದರು. ಆ ಮನೆಯ ಯಜಮಾನ ನೇಮಿರಾಜರು ಕುರ್ಚಿಯನ್ನೂ ನನ್ನನ್ನೂ ನೋಡಿ, "ನೀವು ಮಾರಲಿಕ್ಕೆ ಹೊರಟದ್ದಾ?" ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ನಾನು ಒಳ್ಳೆಯ ಬೆಲೆ ಬಂದರೆ ಮೂರನ್ನೂ ಕೊಡುತ್ತೇನೆ ಎಂದೆ.

ಫೆಬ್ರವರಿ ಒಂದರಂದು ಅಣ್ಣ ಕೆಲಸಕ್ಕೆ ಹಾಜರಾದ, ಆಮೇಲೆ ಹದಿನಾರು ವರ್ಷ ಕುಂಟಿಕೊಂಡೇ ನಾರಾವಿಯ ಕಾಗದ ಹಂಚಿದ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕಥೆ ಮುಗಿಯುವುದು ಅಲ್ಲಿ ಅಲ್ಲ.

ಹೊರಟ ನಾಲ್ಕನೆಯ ದಿನ ಮಧ್ಯಾಹ್ನ ಅತ್ತೂರಿಗೆ ಮುಟ್ಟಿದೆವು. ಹಬ್ಬ ಮುಗಿದು ಮೂರು ದಿನವಾಗಿತ್ತು. ಸಂತೆಯವರು ಗೂಟ ಕಿತ್ತು ಚಪ್ಪರ ಮಡಚುತ್ತಿದ್ದರು. ಬಯಲು ತುಂಬ ಕಬ್ಬಿನ ಸಿಪ್ಪೆ, ಕಾಗದದ ಚೂರು. ಇಗರ್ಜಿಯೊಳಗೆ ಒಬ್ಬ ಮುದುಕ ಮೇಣ ಕೆರೆದು ನೆಲ ಗುಡಿಸುತ್ತಿದ್ದ. ಅವನನ್ನು ಬಿಟ್ಟರೆ ಸಂತರ ಹತ್ತಿರ ಯಾರೂ ಇರಲಿಲ್ಲ. ಸಂತರಿಗೂ ಆಗ ಪುರುಸೊತ್ತು ಇದ್ದಿರಬೇಕು.

ಎಪ್ಲಿನಳಿಗೆ ಮೊಣಕಾಲೂರಲು ಆಗಲಿಲ್ಲ, ಅಣ್ಣನ ಕಾಲು ಮಡಚಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಸಂತ ಲಾರೆನ್ಸರ ಮುಂದೆ ನಿಂತರು. ತುಂಬ ಹೊತ್ತು ನಿಂತರು.

"ಎಂತ ಬೇಡಿಕೊಂಡಿ?" ಎಂದು ಅಣ್ಣ ಕೇಳಿದ.

"ಎಂತದೂ ಇಲ್ಲ. ಬಂದೆವು ಅಂತ ಹೇಳಿದೆ."

ಅಣ್ಣ ಗಂಟಲು ಸರಿ ಮಾಡಿಕೊಂಡ. "ನಾನು ಒಂದು ಹೇಳ್ಬೇಕು. ಇವರ ಎದುರು ಸುಳ್ಳು ಬೇಡ. ಆ ದಿನ ಮನೆಯಿಂದ ನಡೆದು ಬರುವಾಗ ನಾನು ಒಂದು ನಮೋ ಮರಿಯಾ ಸಹ ಹೇಳಿಲ್ಲ. ಇಡೀ ದಾರಿ ನಿನಗೆ ಬೈದುಕೊಂಡು ಬಂದದ್ದು. ಹೆದರಿಕೆಯಲ್ಲಿ ಬಂದದ್ದು. ಭಕ್ತಿಯಿಂದ ಎದ್ದು ನಡೆದರು ಅಂತ ಊರಲ್ಲಿ ಹೇಳ್ಕೊಂಡು ತಿರುಗಬೇಡ."

"ಗೊತ್ತುಂಟು" ಎಂದಳು ಎಪ್ಲಿನ್. "ನಾನು ಕೂಡ ನೀವು ಬರಲಿ ಅಂತ ಬೇಡಿಕೊಂಡದ್ದಲ್ಲ."

"ಮತ್ತೆ ಅಲ್ಲಿ ಕೂತು ಎಂತ ಹೇಳ್ತಾ ಇದ್ದದ್ದು?"

ಅವಳು ನೆಲ ನೋಡಿದಳು. "ನಾನು ದಾರಿಯಲ್ಲಿ ಕೂತ ಸುದ್ದಿ ನಿಮ್ಮ ಕಿವಿಗೆ ಬೀಳಬಾರದು ಅಂತ. ಇಷ್ಟು ನಂಬಿದ ಇವಳಿಗೇ ಆಗಲಿಲ್ಲ, ಇನ್ನು ನನ್ನಿಂದ ಆಗ್ತದಾ ಅಂತ ಎಣಿಸಿ ನೀವು ಮತ್ತೆ ಏಳುವುದೇ ಇಲ್ಲ ಅಂತ ನನಗೆ ಹೆದರಿಕೆ. ಎರಡು ಜಪಸರ ಪೂರ್ತಿ ಅದೊಂದಕ್ಕೇ ಹೇಳಿದೆ. ಸಂತರು ಕೇಳಲಿಲ್ಲ."

ಅಣ್ಣ ಅವಳ ಮುಖ ನೋಡಿದ. ನಗಲು ಹೊರಟ, ಆಗಲಿಲ್ಲ. ಮರದಿಂದ ಬಿದ್ದಾಗ, ಇಡೀ ಊರಿನ ಮುಂದೆ ಜಾರಿದಾಗ, ಸರ್ಕಾರದ ಕಾಗದ ಓದಿದಾಗ ಅಳದವನು ಅಲ್ಲಿ ಹೆಂಡತಿಯ ಹೆಗಲ ಮೇಲೆ ತಲೆಯಿಟ್ಟು ಸಣ್ಣ ಮಕ್ಕಳ ಹಾಗೆ ಅತ್ತುಬಿಟ್ಟ. ಅವಳು ಒಂದು ಕೈಯಲ್ಲಿ ಅವನ ಬೆನ್ನು ತಟ್ಟುತ್ತಾ ಇನ್ನೊಂದು ಕೈಯಲ್ಲಿ ಅವನ ಕೋಲು ಹಿಡಿದುಕೊಂಡು ಗಟ್ಟಿಯಾಗಿ ನಿಂತಳು. ನಾನು ಕುರ್ಚಿಯನ್ನು ಅವರ ಹತ್ತಿರ ತಂದಿಟ್ಟೆ. ಇಬ್ಬರಿಗೂ ಅದು ಬೇಕಾಗಲಿಲ್ಲ.

ಗುಡಿಸುತ್ತಿದ್ದ ಮುದುಕ ಹಿಡಿಸೂಡಿ ಹಿಡಿದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಆಚೆ ಬದಿ ಇನ್ನೂ ಗುಡಿಸಲಿಲ್ಲ ನೀವು, ಹೋಗಿ ಎಂದು ಅವನನ್ನು ಗದರಿಸಿ ಕಳುಹಿಸಿದೆ.